ಕಡಿಮೆ ಜಿಪಿಎಯೊಂದಿಗೆ ವೈದ್ಯಕೀಯ ಪ್ರವೇಶ: ಅಮೆರಿಕದಲ್ಲಿ ಅಂಕಪಟ್ಟಿಯನ್ನು ಓದುವ ಕ್ರಮ

ಅಮೆರಿಕದಲ್ಲಿ ವೈದ್ಯಕೀಯ ಶಿಕ್ಷಣವು ಪದವಿಯ ನಂತರದ ಶಿಕ್ಷಣವಾಗಿದೆ. ಹನ್ನೆರಡನೆಯ ತರಗತಿ ಮುಗಿಸಿದವರು ಮೊದಲು ನಾಲ್ಕು ವರ್ಷದ ಪದವಿಯೊಂದನ್ನು ತಮಗೆ ಬೇಕಾದ ವಿಷಯದಲ್ಲಿ ಪಡೆಯುತ್ತಾರೆ. ಆ ಅವಧಿಯಲ್ಲೇ ಜೀವಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ ಮೊದಲಾದ ನಿಗದಿತ ಪಾಠಗಳನ್ನು ಪೂರೈಸಿ, ಆ ಬಳಿಕ ಎಂ.ಡಿ. ಅಥವಾ ಡಿ.ಓ. ಎಂಬ ಮತ್ತೊಂದು ನಾಲ್ಕು ವರ್ಷದ ಪದವಿಗೆ ಅರ್ಜಿ ಸಲ್ಲಿಸುತ್ತಾರೆ. ಅಲ್ಲಿನ ಎಂ.ಡಿ. ಎಂದರೆ ನಮ್ಮ ಎಂ.ಬಿ.ಬಿ.ಎಸ್.ಗೆ ಸಮನಾದ ಮೊದಲ ವೈದ್ಯಕೀಯ ಪದವಿ. ಕರ್ನಾಟಕದಲ್ಲಿ ನೀಟ್ ಪರೀಕ್ಷೆಯ ರ‍್ಯಾಂಕ್ ಹಿಡಿದು ಸೀಟು ಹಂಚುವ ವ್ಯವಸ್ಥೆಗೆ ಒಗ್ಗಿಹೋದ ಓದುಗರಿಗೆ ಅಲ್ಲಿನ ಪದ್ಧತಿ ಮೊದಲಿಗೆ ಗೊಂದಲವೆನಿಸುವುದು ಸಹಜ. ಅಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಒಂದು ರ‍್ಯಾಂಕ್ ಪಟ್ಟಿಯಿಲ್ಲ. ಪ್ರತಿಯೊಂದು ಕಾಲೇಜೂ ಅರ್ಜಿದಾರರ ಕಡತವನ್ನು ತನ್ನದೇ ಸಮಿತಿಯ ಮೂಲಕ ಓದಿ, ಸಂದರ್ಶನ ನಡೆಸಿ, ತೀರ್ಮಾನಕ್ಕೆ ಬರುತ್ತದೆ. ಆ ಕಡತದಲ್ಲಿ ಮೊದಲು ಕಣ್ಣಿಗೆ ಬೀಳುವ ಅಂಕಿಯೇ ಜಿಪಿಎ, ಅಂದರೆ ಪದವಿಯ ಎಲ್ಲ ಪಾಠಗಳ ಶ್ರೇಣಿಗಳನ್ನು ಕ್ರೆಡಿಟ್‌ಗಳಿಗೆ ತಕ್ಕಂತೆ ತೂಗಿ, 4ಕ್ಕೆ ಎಷ್ಟು ಎಂದು ಹೇಳುವ ಸರಾಸರಿ.

ಈ ಸರಾಸರಿ ಕಡಿಮೆಯಾದವರ ಪಾಡೇನು ಎಂಬುದು ಅಲ್ಲಿನ ಸಾವಿರಾರು ಮನೆಗಳಲ್ಲಿ, ಅವುಗಳ ನಡುವೆ ಕನ್ನಡದ ಮನೆಗಳಲ್ಲೂ, ಪ್ರತಿವರ್ಷ ಎದ್ದು ನಿಲ್ಲುವ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ಮೊದಲು 'ಕಡಿಮೆ' ಎಂಬುದರ ಅಳತೆ ತಿಳಿದಿರಬೇಕಾಗುತ್ತದೆ. ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘವಾದ ಎಎಎಂಸಿ ಪ್ರಕಟಿಸುವ ಲೆಕ್ಕದಂತೆ 2023-24ರ ಸಾಲಿನಲ್ಲಿ ಎಂ.ಡಿ. ಕಾಲೇಜುಗಳಿಗೆ 52,577 ಮಂದಿ ಅರ್ಜಿ ಸಲ್ಲಿಸಿದರು. 22,981 ಮಂದಿ ಸೇರಿದರು. ಸೇರಿದವರ ಸರಾಸರಿ ಜಿಪಿಎ 3.77ರ ಆಸುಪಾಸಿನಲ್ಲಿತ್ತು. ಹೀಗಾಗಿ ಬೇರೆ ಯಾವ ಕ್ಷೇತ್ರದಲ್ಲಾದರೂ ಒಳ್ಳೆಯ ಅಂಕವೆನಿಸುವ 3.4 ಅಥವಾ 3.3 ಇಲ್ಲಿ ಸರಾಸರಿಗಿಂತ ಎಷ್ಟೋ ಕೆಳಗೆ ಬೀಳುತ್ತದೆ, 3.0 ಎಂದರೆ ಗಂಭೀರ ಅಡಚಣೆಯೆಂದೇ ಎಣಿಕೆಯಾಗುತ್ತದೆ. ಆದರೆ ಸರಾಸರಿಯೆಂಬುದು ಕನಿಷ್ಠ ಅರ್ಹತೆಯಲ್ಲ. ಅದಕ್ಕಿಂತ ಕೆಳಗಿದ್ದೂ ಸೇರಿದವರು ಪ್ರತಿ ತರಗತಿಯಲ್ಲೂ ಇದ್ದಾರೆ. ಅವರು ಹೇಗೆ ಸೇರಿದರು ಎಂಬುದೇ ಇಲ್ಲಿ ಪರಿಶೀಲಿಸಬೇಕಾದ ಸಂಗತಿ.

ಈ ಅಂಕಿಗೆ ಇಷ್ಟೊಂದು ಮಹತ್ವ ಬಂದುದರ ಹಿಂದೆ ಒಂದು ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಶುಲ್ಕ ಕಟ್ಟಬಲ್ಲವರನ್ನೆಲ್ಲ ಸೇರಿಸಿಕೊಳ್ಳುವ ವೈದ್ಯಕೀಯ ಶಾಲೆಗಳು ಬೇಕಾದಷ್ಟಿದ್ದವು. 1893ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ ಪ್ರವೇಶಕ್ಕೆ ಪದವಿಯನ್ನೇ ಕಡ್ಡಾಯಗೊಳಿಸಿ ಹೊಸ ಮಾನದಂಡವನ್ನು ಹಾಕಿಕೊಟ್ಟಿತು; 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಬರೆದ ಪ್ರಸಿದ್ಧ ವರದಿಯು ಆ ಮಾನದಂಡವನ್ನು ಎತ್ತಿಹಿಡಿದು, ದುರ್ಬಲ ಶಾಲೆಗಳು ಮುಚ್ಚಿಹೋಗುವುದಕ್ಕೆ ಬಲವಾದ ಕಾರಣವಾಯಿತು. ಆಮೇಲೂ ಸೇರಿದವರಲ್ಲಿ ಅನೇಕರು ಅರ್ಧದಲ್ಲೇ ಓದು ಬಿಡುತ್ತಿದ್ದುದರಿಂದ 1920ರ ದಶಕದ ಕೊನೆಯಲ್ಲಿ ವೈದ್ಯಕೀಯ ಅಭ್ಯರ್ಥಿಗಳಿಗಾಗಿಯೇ ಒಂದು ಅರ್ಹತಾ ಪರೀಕ್ಷೆಯನ್ನು ರೂಪಿಸಲಾಯಿತು. ಇಂದಿನ ಎಂಕ್ಯಾಟ್ ಪರೀಕ್ಷೆಯ ಮೂಲ ಅಲ್ಲಿದೆ. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಪ್ರವೇಶ ಸಮಿತಿಯು ಅಂಕಗಳನ್ನು ನೋಡುವುದು ಮುಖ್ಯವಾಗಿ ಒಂದು ಆತಂಕದಿಂದ: ಈ ವಿದ್ಯಾರ್ಥಿಯು ಮೊದಲೆರಡು ವರ್ಷಗಳ ಓದಿನ ಭಾರವನ್ನು ತಾಳಿಕೊಂಡು, ಪರವಾನಗಿ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಹೊರಬರುವುದು ಖಚಿತವೇ? ಕಡಿಮೆ ಜಿಪಿಎಯ ಅರ್ಜಿದಾರರು ಉತ್ತರಿಸಬೇಕಾದದ್ದು ಈ ಪ್ರಶ್ನೆಗೆ. ಆ ಉತ್ತರವು ಮಾತಿನಿಂದ ಬರುವುದಿಲ್ಲ, ಹೊಸ ಪುರಾವೆಯಿಂದ ಬರುತ್ತದೆ. ಎಂಥ ಪುರಾವೆ, ಎಲ್ಲಿ, ಯಾವಾಗ ಎಂಬುದರ ಮೇಲೆಯೇ ಉಳಿದೆಲ್ಲ ಲೆಕ್ಕಾಚಾರ ನಿಂತಿದೆ.

ಜಿಪಿಎಯನ್ನು ಕಾಲೇಜಿನ ಅಂಕಪಟ್ಟಿಯಲ್ಲಿ ಇರುವಂತೆಯೇ ಯಾರೂ ಒಪ್ಪಿಕೊಳ್ಳುವುದಿಲ್ಲ. ಬಹುತೇಕ ಎಂ.ಡಿ. ಕಾಲೇಜುಗಳ ಅರ್ಜಿಗಳು ಎಎಎಂಸಿ ನಡೆಸುವ ಆಮ್‌ಕಾಸ್ ಎಂಬ ಕೇಂದ್ರೀಕೃತ ಸೇವೆಯ ಮೂಲಕ ಹೋಗುತ್ತವೆ. ಆ ಸೇವೆಯು ವಿದ್ಯಾರ್ಥಿ ಓದಿದ ಪ್ರತಿಯೊಂದು ಕಾಲೇಜಿನ ಪ್ರತಿಯೊಂದು ಪಾಠವನ್ನೂ ಪರಿಶೀಲಿಸಿ, ತನ್ನದೇ ಸೂತ್ರದಲ್ಲಿ ಜಿಪಿಎಯನ್ನು ಮತ್ತೆ ಲೆಕ್ಕ ಹಾಕುತ್ತದೆ. ಅದರಲ್ಲಿ ಒಟ್ಟು ಜಿಪಿಎಯ ಜೊತೆಗೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ ಈ ನಾಲ್ಕನ್ನೇ ಸೇರಿಸಿದ ವಿಜ್ಞಾನದ ಜಿಪಿಎ ಬೇರೆಯಾಗಿ ನಮೂದಾಗುತ್ತದೆ. ಪ್ರತಿ ವರ್ಷದ ಜಿಪಿಎಯೂ ಪ್ರತ್ಯೇಕ ಸಾಲಿನಲ್ಲಿ ಕಾಣಿಸುತ್ತದೆ. ಅನುತ್ತೀರ್ಣವಾದ ಅಥವಾ ಕಡಿಮೆ ಶ್ರೇಣಿ ಬಂದ ಪಾಠವನ್ನು ಮತ್ತೊಮ್ಮೆ ಓದಿ ಒಳ್ಳೆಯ ಶ್ರೇಣಿ ಪಡೆದರೂ ಹಳೆಯದು ಅಳಿಸಿಹೋಗುವುದಿಲ್ಲ, ಎರಡೂ ಲೆಕ್ಕಕ್ಕೆ ಬರುತ್ತವೆ. ಡಿ.ಓ. ಕಾಲೇಜುಗಳ ಅರ್ಜಿ ಸೇವೆಯಲ್ಲಿ 2017ರವರೆಗೆ ಹೊಸ ಶ್ರೇಣಿಯು ಹಳೆಯದರ ಜಾಗವನ್ನು ತೆಗೆದುಕೊಳ್ಳುತ್ತಿತ್ತು. ಈಗ ಆ ಅನುಕೂಲ ಇಲ್ಲವಾಗಿದೆ. ಟೆಕ್ಸಸ್ ರಾಜ್ಯದಲ್ಲಿ ಮಾತ್ರ, ಅಲ್ಲಿನ ನಿವಾಸಿಗಳು 10 ವರ್ಷಕ್ಕಿಂತ ಹಳೆಯದಾದ ಓದನ್ನು ಪೂರ್ತಿಯಾಗಿ ಬಿಟ್ಟು ಹೊಸದಾಗಿ ಆರಂಭಿಸಲು ಅವಕಾಶ ನೀಡುವ ಕಾನೂನೊಂದಿದ್ದು, ನಡುವಯಸ್ಸಿನಲ್ಲಿ ವೈದ್ಯಕೀಯದ ಕಡೆ ತಿರುಗುವವರಿಗೆ ಅದು ನಿಜವಾದ ಆಸರೆಯಾಗಿದೆ.

ಇಲ್ಲಿ ಸ್ವಲ್ಪ ಗಣಿತ ಅಗತ್ಯ. ಏಕೆಂದರೆ ಅನೇಕ ಕುಟುಂಬಗಳು ಹಣವನ್ನೂ ವರ್ಷಗಳನ್ನೂ ಕಳೆದುಕೊಳ್ಳುವುದು ಈ ಗಣಿತವನ್ನು ಮಾಡದೆ ಇರುವುದರಿಂದ. ಅಮೆರಿಕದ ಪದವಿಯೊಂದು ಸಾಮಾನ್ಯವಾಗಿ 120 ಕ್ರೆಡಿಟ್‌ಗಳದು. ಆ 120 ಕ್ರೆಡಿಟ್‌ಗಳನ್ನು 3.0 ಜಿಪಿಎಯಲ್ಲಿ ಮುಗಿಸಿದವರು ಪದವಿಯ ನಂತರ ಇಡೀ ಒಂದು ವರ್ಷ ಮತ್ತೆ ಓದಿ, 30 ಕ್ರೆಡಿಟ್‌ಗಳಲ್ಲಿ ಒಂದೂ ಬಿಡದಂತೆ 4.0 ಪಡೆದರು ಎಂದುಕೊಂಡರೆ, ಒಟ್ಟು ಜಿಪಿಎ ಏರುವುದು 3.2ಕ್ಕೆ ಮಾತ್ರ. ಎರಡು ವರ್ಷ, ಅಂದರೆ 60 ಕ್ರೆಡಿಟ್‌ಗಳನ್ನು ಹಾಗೆಯೇ ಓದಿದರೂ ಅದು 3.33ನ್ನು ದಾಟುವುದಿಲ್ಲ. ತುಂಬಿದ ಹಂಡೆಯ ತಣ್ಣೀರಿಗೆ ಒಂದೊಂದೇ ಚೊಂಬು ಬಿಸಿನೀರು ಸುರಿದಂತೆ, ಸೇರಿಸಿದ್ದು ಎಷ್ಟೇ ಕಾದಿದ್ದರೂ ಒಟ್ಟಿನ ಬಿಸಿ ಏರುವುದು ತೀರ ನಿಧಾನ. ಆದ್ದರಿಂದ ಒಟ್ಟು ಅಂಕಿಯನ್ನು ಸರಾಸರಿಯ ಮಟ್ಟಕ್ಕೆ ತರುವುದನ್ನೇ ಗುರಿಯಾಗಿಟ್ಟುಕೊಂಡವರು ನಿರಾಶರಾಗುವುದು ಬಹುಮಟ್ಟಿಗೆ ಖಚಿತ. ಹಾಗಾದರೆ ಮತ್ತೆ ಓದುವುದು ವ್ಯರ್ಥವೇ ಎಂದರೆ, ಖಂಡಿತ ಅಲ್ಲ. ಸಮಿತಿಯ ಮುಂದೆ ವರ್ಷವಾರು ಸಾಲುಗಳೂ ಇರುತ್ತವೆ. ಮೊದಲ ವರ್ಷ 2.6, ಎರಡನೆಯ ವರ್ಷ 3.0, ಮೂರನೆಯ ವರ್ಷ 3.6, ಪದವಿಯ ನಂತರದ ವರ್ಷ 3.9 ಎಂದು ಏರುತ್ತಾ ಬಂದ ಅಂಕಪಟ್ಟಿಯೂ, ಮೊದಲು ಮೇಲಿದ್ದು ಕೊನೆಗೆ ಇಳಿದುಹೋದ ಅಂಕಪಟ್ಟಿಯೂ ಒಟ್ಟಿನಲ್ಲಿ ಒಂದೇ ಅಂಕಿಯನ್ನು ತೋರಿಸಬಹುದು. ಓದುವವರಿಗೆ ಮಾತ್ರ ಅವು ಬೇರೆ ಬೇರೆ ಕಥೆಗಳನ್ನು ಹೇಳುತ್ತವೆ. ಮೊದಲನೆಯದರಲ್ಲಿ ಇಂದಿನ ವಿದ್ಯಾರ್ಥಿ ನಿನ್ನೆಯವನಲ್ಲ ಎಂಬುದಕ್ಕೆ ಲಿಖಿತ ಸಾಕ್ಷ್ಯವಿದೆ.

ಹೀಗೆ ಏರುವ ಸಾಲುಗಳನ್ನು ಎಲ್ಲ ಕಾಲೇಜುಗಳೂ ಒಂದೇ ಬಗೆಯಲ್ಲಿ ಕಾಣುವುದಿಲ್ಲ ಎಂಬುದನ್ನೂ ಹೇಳಬೇಕು. ಸಾವಿರಾರು ಅರ್ಜಿಗಳು ಬರುವ ಕಡೆ, ನಿರ್ದಿಷ್ಟ ಅಂಕಿಗಿಂತ ಕೆಳಗಿನ ಕಡತಗಳನ್ನು ಯಾರೂ ಓದುವ ಮೊದಲೇ ಬದಿಗಿರಿಸುವ ಪದ್ಧತಿ ಉಂಟು. ಇನ್ನು ಕೆಲವು ಕಾಲೇಜುಗಳು ಅಂಕಗಳ ಜೊತೆಗೆ ಅನುಭವ, ಗುಣಸ್ವಭಾವ, ಬೆಳೆದ ಪರಿಸ್ಥಿತಿಗಳನ್ನು ಒಟ್ಟಾಗಿ ತೂಗುವ ಸಮಗ್ರ ಪರಿಶೀಲನೆಯನ್ನು ಮನಃಪೂರ್ವಕವಾಗಿ ನಡೆಸುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ವೈದ್ಯಕೀಯ ಶಾಲೆಯು ಅರ್ಜಿದಾರರ ಸಾಮಾಜಿಕ ಮತ್ತು ಆರ್ಥಿಕ ಹಿಂದುಳಿದಿರುವಿಕೆಯನ್ನು ಅಳೆಯುವ ಮಾಪನವೊಂದನ್ನೇ ರೂಪಿಸಿಕೊಂಡಿದ್ದು, ಓದಿನ ಜೊತೆಗೆ ದುಡಿಯಬೇಕಾಗಿ ಬಂದವರ 3.4ನ್ನು ಅನುಕೂಲಸ್ಥರ 3.4ರಂತೆಯೇ ನೋಡಬಾರದೆಂಬ ವಿಚಾರ ಅದರ ಹಿಂದಿದೆ. ಈ ವಿಚಾರ ನ್ಯಾಯವಾದದ್ದು. ಸರಾಸರಿಯೊಂದನ್ನೇ ಹಿಡಿದು ನಡೆಯುವ ವ್ಯವಸ್ಥೆಗೆ ಆ ವ್ಯತ್ಯಾಸ ಕಾಣುವುದೇ ಇಲ್ಲ.

ಎಂಕ್ಯಾಟ್ ಪರೀಕ್ಷೆಯತ್ತ ಬರುವುದಾದರೆ, 2015ರಿಂದ ಜಾರಿಯಲ್ಲಿರುವ ಸ್ವರೂಪದಲ್ಲಿ ಅದು ನಾಲ್ಕು ಭಾಗಗಳಲ್ಲಿ ಇಡೀ ದಿನ ನಡೆಯುತ್ತದೆ. ಪ್ರತಿ ಭಾಗಕ್ಕೆ 118ರಿಂದ 132, ಒಟ್ಟು 472ರಿಂದ 528ರವರೆಗೆ ಅಂಕಗಳು, ನಡುಬಿಂದು 500. ಎಂ.ಡಿ. ಕಾಲೇಜುಗಳಿಗೆ ಸೇರುವವರ ಸರಾಸರಿ ಈಚಿನ ವರ್ಷಗಳಲ್ಲಿ 511ರಿಂದ 512ರ ನಡುವೆ ಇದೆ. ಬೇರೆ ಬೇರೆ ಕಾಲೇಜುಗಳ ಶ್ರೇಣಿಗಳನ್ನು ಒಂದಕ್ಕೊಂದು ಹೋಲಿಸುವುದು ಕಷ್ಟ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು 2004ರಿಂದ 2014ರವರೆಗೆ 'ಎ' ಶ್ರೇಣಿಗಳ ಪ್ರಮಾಣಕ್ಕೇ ಮಿತಿ ಹಾಕಿತ್ತು, ಉದಾರವಾಗಿ ಶ್ರೇಣಿ ನೀಡುವ ಸಂಸ್ಥೆಗಳಿಗೂ ಕೊರತೆಯಿಲ್ಲ. ಆದ್ದರಿಂದ ಎಲ್ಲರೂ ಒಂದೇ ಪ್ರಶ್ನೆಪತ್ರಿಕೆಯ ಮಟ್ಟದಲ್ಲಿ ಬರೆಯುವ ಈ ಪರೀಕ್ಷೆಗೆ ತೂಕ ಬಂದಿದೆ. ಜಿಪಿಎ ಮತ್ತು ಎಂಕ್ಯಾಟ್ ಎರಡನ್ನೂ ಕೂಡಿಸಿ ನೋಡಿದಾಗ ವೈದ್ಯಕೀಯ ಓದಿನ ಯಶಸ್ಸನ್ನು, ಯಾವುದೇ ಒಂದನ್ನು ನೋಡಿದ್ದಕ್ಕಿಂತ ಚೆನ್ನಾಗಿ ಊಹಿಸಬಹುದೆಂದು ಎಎಎಂಸಿಯ ಅಧ್ಯಯನಗಳು ತೋರಿಸಿವೆ. ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಬಲವು ಪೂರ್ತಿಯಾಗಿ ಅಲ್ಲದಿದ್ದರೂ ಒಂದು ಮಟ್ಟಿಗೆ ತುಂಬಿಕೊಡುತ್ತದೆ. ಆದರೆ ಅವಸರದಲ್ಲಿ ಬರೆದು ಕಡಿಮೆ ಅಂಕ ಪಡೆದರೆ ಆ ಅಂಕವೂ ದಾಖಲೆಯಲ್ಲಿ ಉಳಿಯುತ್ತದೆ. ವರ್ಷಕ್ಕೆ ಮೂರು, ಎರಡು ವರ್ಷಗಳಲ್ಲಿ ನಾಲ್ಕು, ಜೀವಮಾನದಲ್ಲಿ ಏಳು ಬಾರಿಗಿಂತ ಹೆಚ್ಚು ಬರೆಯುವಂತಿಲ್ಲ. ಕಡಿಮೆ ಜಿಪಿಎಯ ಪಕ್ಕದಲ್ಲಿ ಕಡಿಮೆ ಎಂಕ್ಯಾಟ್ ಬಂದು ಕುಳಿತರೆ, ಎರಡೂ ಒಂದೇ ಮಾತನ್ನು ಹೇಳಿದಂತಾಗುತ್ತದೆ.

ಪದವಿ ಮುಗಿದ ಮೇಲೆ ಹೊಸ ಪುರಾವೆಯನ್ನು ಕಟ್ಟುವುದಕ್ಕೆ ಎರಡು ಮುಖ್ಯ ದಾರಿಗಳಿವೆ. ಮೊದಲನೆಯದನ್ನು ಪೋಸ್ಟ್‌ಬ್ಯಾಕ್ ಎನ್ನುತ್ತಾರೆ. ಇದು ಪದವೀಧರರು ಮತ್ತೆ ಪದವಿ ಮಟ್ಟದ ವಿಜ್ಞಾನದ ಪಾಠಗಳನ್ನೇ ತೆಗೆದುಕೊಂಡು ಓದುವ ಕ್ರಮ. ಬ್ರಿನ್ ಮಾರ್ ಮತ್ತು ಗೌಚರ್ ಕಾಲೇಜುಗಳ ಹೆಸರಾಂತ ಪೋಸ್ಟ್‌ಬ್ಯಾಕ್ ಕೋರ್ಸುಗಳು ವಿಜ್ಞಾನವನ್ನೇ ಓದಿರದ, ವೃತ್ತಿ ಬದಲಿಸುವವರಿಗಾಗಿ ಇರುವಂಥವು. ಕಡಿಮೆ ಅಂಕ ಪಡೆದವರ ಅಗತ್ಯ ಬೇರೆ, ಅವರಿಗಾಗಿ ಬೇರೆ ಕೋರ್ಸುಗಳಿವೆ. ಈ ವ್ಯತ್ಯಾಸ ತಿಳಿಯದೆ ಅರ್ಜಿ ಹಾಕಿ ತಿರಸ್ಕೃತರಾಗುವವರು ಕಡಿಮೆಯಲ್ಲ. ಹೆಸರುಳ್ಳ ಕೋರ್ಸೇ ಬೇಕೆಂದೂ ಇಲ್ಲ. ಮನೆಯ ಹತ್ತಿರದ ರಾಜ್ಯ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ, ಅಂಗಕ್ರಿಯಾಶಾಸ್ತ್ರ, ಕೋಶಜೀವಶಾಸ್ತ್ರಗಳಂಥ ಮೇಲಿನ ಹಂತದ ಪಾಠಗಳನ್ನು ತಾವೇ ಆಯ್ದು ಓದುವವರೂ ಇದ್ದಾರೆ, ಖರ್ಚಿನ ದೃಷ್ಟಿಯಿಂದ ಇದೇ ವಿವೇಕದ ದಾರಿಯೆನ್ನಬಹುದು. ಇಲ್ಲಿ ಪಡೆದ ಶ್ರೇಣಿಗಳು ಪದವಿಯ ಜಿಪಿಎಗೆ ಸೇರುತ್ತವೆ.

ಎರಡನೆಯದು ವಿಶೇಷ ಸ್ನಾತಕೋತ್ತರ ಕೋರ್ಸು. ವೈದ್ಯಕೀಯ ಕಾಲೇಜುಗಳೇ ನಡೆಸುವ, ಸಾಮಾನ್ಯವಾಗಿ ಒಂದೆರಡು ವರ್ಷದ ಈ ಎಂ.ಎಸ್. ಪದವಿಯಲ್ಲಿ ವಿದ್ಯಾರ್ಥಿಗಳು ವೈದ್ಯಕೀಯದ ಮೊದಲ ವರ್ಷದ ಪಾಠಗಳನ್ನೇ, ಕೆಲವು ಕಡೆ ವೈದ್ಯ ವಿದ್ಯಾರ್ಥಿಗಳ ಪಕ್ಕದಲ್ಲೇ ಕುಳಿತು, ಅದೇ ಮಟ್ಟದ ಪರೀಕ್ಷೆಗಳನ್ನು ಬರೆದು ಓದುತ್ತಾರೆ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕೋರ್ಸು ಇವುಗಳಲ್ಲಿ ಹಳೆಯದು, ಬಾಸ್ಟನ್ ವಿಶ್ವವಿದ್ಯಾಲಯದ್ದೂ ಪ್ರಸಿದ್ಧ. ಮೇಲೆ ಹೇಳಿದ ಆತಂಕಕ್ಕೆ ಇದಕ್ಕಿಂತ ನೇರವಾದ ಉತ್ತರ ಮತ್ತೊಂದಿಲ್ಲ. ಹಾಗೆಂದು ಇದು ಎಲ್ಲರಿಗೂ ತಕ್ಕದ್ದಲ್ಲ. ಸ್ನಾತಕೋತ್ತರ ಶ್ರೇಣಿಗಳು ಪದವಿಯ ಜಿಪಿಎಯೊಂದಿಗೆ ಬೆರೆಯದೆ ಬೇರೆ ಸಾಲಿನಲ್ಲಿ ನಿಲ್ಲುವುದರಿಂದ, ಪದವಿಯ ಅಂಕಿಯನ್ನು ನೋಡಿಯೇ ಜರಡಿ ಹಿಡಿಯುವ ಕಾಲೇಜುಗಳಲ್ಲಿ ಇದರ ಪ್ರಯೋಜನ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ವೈದ್ಯಕೀಯ ಮಟ್ಟದ ಪಾಠಗಳಲ್ಲೇ ಸಾಧಾರಣ ಶ್ರೇಣಿ ಬಂದರೆ ಆತಂಕ ನಿಜವಾಯಿತೆಂಬ ತೀರ್ಮಾನಕ್ಕೆ ಸಮಿತಿ ಬರುತ್ತದೆ. ಅಲ್ಲಿಂದ ಮುಂದೆ ದಾರಿ ಬಹಳ ಇಕ್ಕಟ್ಟು. ಶುಲ್ಕವೂ ದುಬಾರಿ. 2025ರಲ್ಲಿ ಅಂಗೀಕಾರವಾದ ಕಾಯ್ದೆಯಂತೆ 2026ರ ಜುಲೈ 1ರಿಂದ ಹೊಸದಾಗಿ ಸೇರುವವರಿಗೆ ಗ್ರ್ಯಾಡ್ ಪ್ಲಸ್ ಎಂಬ ಸರ್ಕಾರಿ ಸಾಲ ದೊರೆಯುವುದಿಲ್ಲ, ವೈದ್ಯಕೀಯದಂಥ ವೃತ್ತಿಪರ ಪದವಿಗೆ ಸಿಗುವ ಸರ್ಕಾರಿ ಸಾಲಕ್ಕೆ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್ ಎಂಬ ಮಿತಿ ಬಿದ್ದಿದೆ. ಮುಂದಿನ ನಾಲ್ಕು ವರ್ಷಗಳಿಗೇ ಈ ಮೊತ್ತ ಸಾಲದಿರುವಾಗ, ಅದಕ್ಕೂ ಮುಂಚಿನ ಒಂದು ವರ್ಷಕ್ಕೆ ಮಾಡುವ ಸಾಲವನ್ನು ಹತ್ತು ಬಾರಿ ಯೋಚಿಸಿ ಮಾಡಬೇಕಾಗುತ್ತದೆ.

ಯಾವ ಕಾಲೇಜುಗಳಿಗೆ ಅರ್ಜಿ ಹಾಕಬೇಕೆಂಬ ಆಯ್ಕೆಯು ಅಂಕಗಳಷ್ಟೇ ಮುಖ್ಯ, ಆದರೆ ಅದಕ್ಕೆ ಕೊಡಬೇಕಾದಷ್ಟು ಸಮಯವನ್ನು ಹೆಚ್ಚಿನವರು ಕೊಡುವುದಿಲ್ಲ. ಎಎಎಂಸಿಯು ಎಂಸಾರ್ ಎಂಬ ಮಾಹಿತಿಕೋಶವನ್ನು ಅಲ್ಪ ಶುಲ್ಕಕ್ಕೆ ಒದಗಿಸುತ್ತದೆ. ಅದರಲ್ಲಿ ಪ್ರತಿ ಕಾಲೇಜಿಗೆ ಸೇರಿದವರ ಮಧ್ಯದ ಅಂಕ ಮಾತ್ರವಲ್ಲ, ಕೆಳಗಿನ ಶೇಕಡ 10ರಷ್ಟು ಮಂದಿ ಯಾವ ಅಂಕದ ಒಳಗಿದ್ದರು ಎಂಬುದೂ ಸಿಗುತ್ತದೆ. ಕಡಿಮೆ ಜಿಪಿಎಯವರು ನೋಡಬೇಕಾದದ್ದು ಆ ಕೆಳಗಿನ ಅಂಕಿಯನ್ನು. ಅದರ ಜೊತೆಗೆ ಆ ಕಾಲೇಜು ತನ್ನ ರಾಜ್ಯದವರಿಗೆ ಎಷ್ಟು ಸೀಟು ಮೀಸಲಿಡುತ್ತದೆ, ಯಾವ ಉದ್ದೇಶಕ್ಕಾಗಿ ಸ್ಥಾಪಿತವಾಗಿದೆ ಎಂಬುದನ್ನೂ ಗಮನಿಸಬೇಕು. ಸರ್ಕಾರಿ ಕಾಲೇಜುಗಳಲ್ಲಿ ಬಹುಪಾಲು ಸೀಟುಗಳು ಸ್ವಂತ ರಾಜ್ಯದವರಿಗೇ ಹೋಗುತ್ತವೆ, ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಂತೂ ಆ ರಾಜ್ಯದ ನಿವಾಸಿಗಳನ್ನು ಬಿಟ್ಟು ಬೇರೆಯವರನ್ನು ತೆಗೆದುಕೊಳ್ಳುವುದೇ ಇಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯವು ವ್ಯೋಮಿಂಗ್, ಅಲಾಸ್ಕ, ಮೊಂಟಾನ, ಐಡಾಹೊಗಳನ್ನು ಕೂಡಿಸಿಕೊಂಡು ಆ ವಿಸ್ತಾರ ಪ್ರದೇಶದ ಹಳ್ಳಿಗಾಡಿಗೆ ವೈದ್ಯರನ್ನು ತಯಾರು ಮಾಡುತ್ತದೆ. ಇಂಥ ಕಡೆ ಆ ಪ್ರದೇಶದಲ್ಲೇ ಬೆಳೆದು, ಅಲ್ಲಿನ ಚಿಕ್ಕ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ದುಡಿದವರ ಕಡತಕ್ಕೆ ಅಂಕಗಳಾಚೆಗಿನ ಬೆಲೆ ಇರುತ್ತದೆ. ಹೆಸರು ಕೇಳಿದವೆಂಬ ಕಾರಣಕ್ಕೆ ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ಗಳಂಥ ಹತ್ತು ಕಾಲೇಜುಗಳಿಗೆ ಅರ್ಜಿ ಹಾಕಿ ಸ್ವಂತ ರಾಜ್ಯದ ಕಾಲೇಜನ್ನು ಕೈಬಿಡುವುದು, ಭಾರತೀಯ ಮೂಲದ ಕುಟುಂಬಗಳಲ್ಲಿ ಪ್ರತಿಷ್ಠೆಯ ಒತ್ತಡದಿಂದ ಆಗುವ ದೊಡ್ಡ ನಷ್ಟ.

ಡಿ.ಓ. ಕಾಲೇಜುಗಳ ಬಗೆಗಿನ ಹಿಂಜರಿಕೆಯೂ ಇದೇ ಪ್ರತಿಷ್ಠೆಯ ಮಾತು. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ ಆರಂಭಿಸಿದ ಆಸ್ಟಿಯೋಪಥಿ ಶಾಲೆಯಿಂದ ಬೆಳೆದುಬಂದ ಈ ಕಾಲೇಜುಗಳಲ್ಲಿ ಇಂದು ಆಧುನಿಕ ವೈದ್ಯಶಾಸ್ತ್ರವನ್ನೇ ಪೂರ್ತಿಯಾಗಿ ಬೋಧಿಸಲಾಗುತ್ತದೆ. ಅದರ ಮೇಲೆ ಮೂಳೆ, ಸ್ನಾಯುಗಳನ್ನು ಕೈಯಿಂದ ತಪಾಸಿಸಿ ಚಿಕಿತ್ಸೆ ನೀಡುವ ತರಬೇತಿ ಹೆಚ್ಚುವರಿ. ಡಿ.ಓ. ಪದವೀಧರರು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಪೂರ್ಣ ಪರವಾನಗಿಯ ವೈದ್ಯರು, ಶಸ್ತ್ರಚಿಕಿತ್ಸಕರು. ಪದವಿಯ ನಂತರ ಆಸ್ಪತ್ರೆಗಳಲ್ಲಿ ಪಡೆಯುವ ರೆಸಿಡೆನ್ಸಿ ಎಂಬ ತರಬೇತಿಯು 2020ರಿಂದ ಎಂ.ಡಿ., ಡಿ.ಓ. ಇಬ್ಬರಿಗೂ ಒಂದೇ ಮಾನ್ಯತಾ ವ್ಯವಸ್ಥೆಯಡಿ ಬಂದಿದೆ. ಈ ಕಾಲೇಜುಗಳಿಗೆ ಸೇರುವವರ ಸರಾಸರಿ ಜಿಪಿಎ ಸುಮಾರು 3.6, ಎಂಕ್ಯಾಟ್ ಸುಮಾರು 504. ತಡವಾಗಿ ಚೇತರಿಸಿಕೊಂಡ ವಿದ್ಯಾರ್ಥಿಗಳನ್ನೂ ವಯಸ್ಸಾದವರನ್ನೂ ಇವು ಮೊದಲಿಂದಲೂ ಹೆಚ್ಚು ಸಹಾನುಭೂತಿಯಿಂದ ನೋಡುತ್ತ ಬಂದಿವೆ. ತೀವ್ರ ಪೈಪೋಟಿಯ ಕೆಲವು ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ಡಿ.ಓ.ಗಳಿಗೆ ಈಗಲೂ ಸ್ವಲ್ಪ ಅಡ್ಡಿಯಿದೆ ಎಂಬುದು ನಿಜವಾದರೂ, ವೈದ್ಯರಾಗುವುದೇ ಗುರಿಯಾದವರು ಈ ದಾರಿಯನ್ನು ಕೊನೆಯ ಆಸರೆಯೆಂದು ಬಗೆಯದೆ ಮೊದಲ ಪಟ್ಟಿಯಲ್ಲೇ ಸೇರಿಸಿಕೊಳ್ಳುವುದು ಸರಿಯೆನಿಸುತ್ತದೆ.

ಅರ್ಜಿಯ ಜೊತೆಗೆ ಬರೆಯಬೇಕಾದ ಆತ್ಮನಿವೇದನೆಯ ಪ್ರಬಂಧಕ್ಕೆ ಆಮ್‌ಕಾಸ್‌ನಲ್ಲಿ ಇರುವ ಜಾಗ 5,300 ಅಕ್ಷರಗಳು ಮಾತ್ರ. ಅದನ್ನು ಕಡಿಮೆ ಅಂಕಗಳ ಸಮರ್ಥನೆಗೆ ವ್ಯಯಿಸುವುದು ಸಾಮಾನ್ಯವಾದ ತಪ್ಪು. ವೈದ್ಯವೃತ್ತಿ ಏಕೆ ಬೇಕು, ಅದನ್ನು ಹತ್ತಿರದಿಂದ ಕಂಡು ತಿಳಿದದ್ದೇನು ಎಂಬುದಕ್ಕೆ ಮೀಸಲಾದ ಜಾಗವದು. ಅಂಕಗಳ ಬಗ್ಗೆ ಹೇಳಲು ಕಾಲೇಜುಗಳು ಎರಡನೆಯ ಹಂತದಲ್ಲಿ ಕಳಿಸುವ ಪ್ರಶ್ನೆಗಳಲ್ಲಿ ಅವಕಾಶ ಇದ್ದೇ ಇರುತ್ತದೆ. ಅಲ್ಲಿ ಏನಾಯಿತೆಂಬುದನ್ನು ಎರಡು ವಾಕ್ಯಗಳಲ್ಲಿ, ಏನು ಬದಲಾಯಿತೆಂಬುದನ್ನು ಅದಕ್ಕಿಂತ ವಿವರವಾಗಿ ಬರೆದರೆ ಸಾಕು. ಮನೆಯಲ್ಲಿ ಕಾಯಿಲೆ, ರಾತ್ರಿಪಾಳಿಯ ದುಡಿಮೆ, ಮಾನಸಿಕ ಕುಸಿತ ಇವೆಲ್ಲ ನಿಜವಾದ ಕಾರಣಗಳೇ. ಅವನ್ನು ಹೇಳಿಕೊಳ್ಳಲು ನಾಚಬೇಕಾದದ್ದಿಲ್ಲ. ಆದರೆ ಕಾರಣ ಹೇಳಿದ ಮೇಲೂ ಅಂಕಗಳು ಏರದೆ ಇದ್ದರೆ ಓದುವವರು ಮುಂದೇನು ಎಂದು ಕೇಳುತ್ತಾರೆ, ಅಧ್ಯಾಪಕರನ್ನೋ ಕಾಲೇಜನ್ನೋ ದೂರಿದರೆ ಕಡತವನ್ನು ಮುಚ್ಚಿಡುತ್ತಾರೆ. ಕೆಲವರ ವಿಷಯದಲ್ಲಿ ಕಾರಣ ಇಷ್ಟೇ: ಮೊದಲ ವರ್ಷ ಓದುವುದು ಹೇಗೆಂದು ತಿಳಿದಿರಲಿಲ್ಲ. ಅದನ್ನು ಹಾಗೆಯೇ ಬರೆಯುವುದು, ಇಲ್ಲದ ದುರಂತವೊಂದನ್ನು ಹೆಣೆಯುವುದಕ್ಕಿಂತ ಎಷ್ಟೋ ಮೇಲು.

ಸಂದರ್ಶನದವರೆಗೆ ಬಂದವರ ಸ್ಥಿತಿ ಬಹಳ ಬದಲಾಗಿರುತ್ತದೆ, ಏಕೆಂದರೆ ಅವರ ಅಂಕಗಳನ್ನು ನೋಡಿದ ಮೇಲೂ ಕಾಲೇಜು ಅವರನ್ನು ಕರೆದಿದೆ. ಸಮಿತಿಗಳ ಆಯ್ಕೆ ಎಷ್ಟರಮಟ್ಟಿಗೆ ನಂಬಲರ್ಹ ಎಂಬುದಕ್ಕೆ ಹ್ಯೂಸ್ಟನ್‌ನ ಟೆಕ್ಸಸ್ ವೈದ್ಯಕೀಯ ಶಾಲೆಯ ಪ್ರಸಂಗವೊಂದು ವಿಚಾರಕ್ಕೆಡೆ ಮಾಡಿಕೊಡುತ್ತದೆ. 1979ರಲ್ಲಿ ಆಯ್ಕೆ ಪ್ರಕ್ರಿಯೆ ಮುಗಿದ ಮೇಲೆ ರಾಜ್ಯದ ಶಾಸಕಾಂಗವು 50 ಸೀಟುಗಳನ್ನು ಹೆಚ್ಚಿಸುವಂತೆ ಹೇಳಿದ್ದರಿಂದ, ಸಂದರ್ಶನದಲ್ಲಿ ಕೆಳಗಿನ ಸ್ಥಾನ ಪಡೆದು ಮೊದಲು ತಿರಸ್ಕೃತರಾಗಿದ್ದವರನ್ನೂ ಸೇರಿಸಿಕೊಳ್ಳಬೇಕಾಯಿತು. ಮುಂದಿನ ವರ್ಷಗಳಲ್ಲಿ ಈ ಎರಡು ಗುಂಪುಗಳ ಸಾಧನೆಯನ್ನು ಹೋಲಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಥಪೂರ್ಣ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಮೊದಲ ಆಯ್ಕೆಯನ್ನು ಹೆಚ್ಚಾಗಿ ನಿರ್ಧರಿಸಿದ್ದು ಅಂಕಗಳಿಗಿಂತ ಸಂದರ್ಶಕರ ಅನಿಸಿಕೆ ಎಂಬುದನ್ನು ಮರೆಯುವಂತಿಲ್ಲ. ಆದರೂ ಸಮಿತಿಯೊಂದರ 'ಬೇಡ' ಎಂಬ ಮಾತು ವಿದ್ಯಾರ್ಥಿಯ ಯೋಗ್ಯತೆಯ ಮೇಲಿನ ತೀರ್ಪಲ್ಲ ಎಂಬುದಕ್ಕೆ ಆ ಅಧ್ಯಯನ ಆಧಾರವಾಗಿ ನಿಲ್ಲುತ್ತದೆ.

ಕನ್ನಡ ಕುಟುಂಬಗಳಿಗೆ ಇನ್ನೊಂದು ಸಂಕಟವಿದೆ, ಅದರ ಬಗ್ಗೆ ಮಾತನಾಡುವವರು ಕಡಿಮೆ. ಎಚ್-1ಬಿ ವೀಸಾದಲ್ಲಿ ದುಡಿಯುವವರ ಮಕ್ಕಳು ಎಚ್-4 ಎಂಬ ಅವಲಂಬಿತ ವೀಸಾದಲ್ಲಿ ಬೆಳೆಯುತ್ತಾರೆ. ಯಾವುದೇ ಒಂದು ದೇಶದವರಿಗೆ ವರ್ಷಕ್ಕೆ ಸಿಗುವ ಗ್ರೀನ್ ಕಾರ್ಡ್‌ಗಳಿಗೆ ಶೇಕಡ 7ರ ಮಿತಿಯಿರುವುದರಿಂದ ಭಾರತೀಯರ ಸರದಿ ದಶಕಗಳಷ್ಟು ಉದ್ದವಾಗಿ ಬೆಳೆದಿದ್ದು, ತಂದೆತಾಯಿಯರ ಸರದಿ ಬರುವ ಮೊದಲೇ ಮಕ್ಕಳಿಗೆ 21 ತುಂಬಿಬಿಡುತ್ತದೆ. ಆ ದಿನದಿಂದ ಅವರು ಅವಲಂಬಿತರಲ್ಲ. ಸಾಮಾನ್ಯವಾಗಿ ಎಫ್-1 ವೀಸಾ ಪಡೆದು ವಿದೇಶಿ ವಿದ್ಯಾರ್ಥಿಗಳ ಸಾಲಿಗೆ ಸೇರುತ್ತಾರೆ. ವಿದೇಶಿಯರನ್ನು ಪರಿಗಣಿಸುವ ವೈದ್ಯಕೀಯ ಕಾಲೇಜುಗಳು ಸೀಮಿತ, ಸರ್ಕಾರಿ ಸಾಲ ಅವರಿಗಿಲ್ಲ, ಒಂದು ಅಥವಾ ಹೆಚ್ಚು ವರ್ಷಗಳ ಶುಲ್ಕವನ್ನು ಮೊದಲೇ ಠೇವಣಿ ಇಡಬೇಕೆಂಬ ಷರತ್ತೂ ಕೆಲವು ಕಡೆ ಇದೆ. ಎರಡನೆಯ ವಯಸ್ಸಿನಲ್ಲಿ ಬಂದು ಅಮೆರಿಕದಲ್ಲೇ ಬೆಳೆದ ವಿದ್ಯಾರ್ಥಿನಿಯೊಬ್ಬಳಿಗೆ 3.4 ಜಿಪಿಎಯ ಜೊತೆಗೆ ಈ ಹೊರೆಯೂ ಸೇರಿದರೆ, ಪಕ್ಕದ ಮನೆಯ ಸಹಪಾಠಿಗೆ ತೆರೆದಿರುವ ಎಷ್ಟೋ ಕಾಲೇಜುಗಳು ಅವಳಿಗೆ ಇಲ್ಲವೇ ಇಲ್ಲ. ಆದ್ದರಿಂದ ಇಂಥ ಕುಟುಂಬಗಳು ಪಟ್ಟಿ ಮಾಡುವಾಗ ಮೊದಲು ಕೇಳಬೇಕಾದದ್ದು ಅಂಕದ ಪ್ರಶ್ನೆಯನ್ನಲ್ಲ, ವೀಸಾದ ಪ್ರಶ್ನೆಯನ್ನು.

ಈ ಬಿಕ್ಕಟ್ಟಿನಲ್ಲಿ ಕೆಲವರು ಕೆರಿಬಿಯನ್ ದ್ವೀಪಗಳ ಕಾಲೇಜುಗಳತ್ತ ಹೊರಳುತ್ತಾರೆ. ಗ್ರೆನಾಡದ ಸೇಂಟ್ ಜಾರ್ಜಸ್, ಬಾರ್ಬಡೋಸ್‌ನ ರಾಸ್ ಇವುಗಳಲ್ಲಿ ಹೆಸರಾದವು. ಆಂಟಿಗುವಾದ ಅಮೆರಿಕನ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ನಮ್ಮ ಮಣಿಪಾಲ ಸಮೂಹಕ್ಕೇ ಸೇರಿದ್ದು. ಇಲ್ಲಿ ಪ್ರವೇಶ ಸುಲಭ, ಹೊರಬರುವುದು ಕಷ್ಟ: ಸೇರಿಸಿಕೊಂಡ ದೊಡ್ಡ ತರಗತಿಯಲ್ಲಿ ಗಣನೀಯ ಭಾಗ ನಡುವೆಯೇ ಉದುರುವುದುಂಟು. ಪದವಿ ಮುಗಿಸಿದವರಿಗೂ ರೆಸಿಡೆನ್ಸಿ ಸಿಗುವುದು ಖಚಿತವಲ್ಲ. 2024ರಲ್ಲಿ ರೆಸಿಡೆನ್ಸಿ ಹಂಚಿಕೆಯಾದಾಗ ಅಮೆರಿಕದ ಎಂ.ಡಿ. ಕಾಲೇಜುಗಳ ಅಂತಿಮ ವರ್ಷದವರಲ್ಲಿ ಶೇಕಡ 93ರಷ್ಟು, ಡಿ.ಓ. ಕಾಲೇಜುಗಳವರಲ್ಲಿ ಶೇಕಡ 92ರಷ್ಟು ಮಂದಿಗೆ ಸ್ಥಾನ ದೊರೆತರೆ, ಹೊರದೇಶದ ಕಾಲೇಜುಗಳಲ್ಲಿ ಓದಿದ ಅಮೆರಿಕದ ನಾಗರಿಕರಲ್ಲಿ ಅದು ಶೇಕಡ 67ರಷ್ಟಿತ್ತು. ಸಾಲದ ಹೊರೆಯೊಂದಿಗೆ ಕೆಲಸವಿಲ್ಲದೆ ನಿಲ್ಲುವ ಮೂರರಲ್ಲೊಬ್ಬರ ಅಪಾಯವನ್ನು ಮುಂಚೆಯೇ ತಿಳಿದು ನಿರ್ಧರಿಸಬೇಕು. ಮಣಿಪಾಲ, ಬೆಂಗಳೂರು, ಮಂಗಳೂರುಗಳ ಕಾಲೇಜುಗಳಲ್ಲಿ ಎನ್‌ಆರ್‌ಐ ಕೋಟಾದ ಸೀಟು ಹುಡುಕುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿಗೆ ನೀಟ್ ಕಡ್ಡಾಯ, ಓದಿ ಅಮೆರಿಕಕ್ಕೆ ಮರಳಿದರೆ ಹೊರದೇಶದ ಪದವೀಧರರೆಂದೇ ಎಣಿಕೆ.

ಕಾಲದ ಲೆಕ್ಕವನ್ನು ಸರಿಯಾಗಿ ಹಾಕಿದವರಿಗೆ ಇಂಥ ಅಪಾಯದ ದಾರಿ ಹಿಡಿಯುವ ಅಗತ್ಯ ಕಡಿಮೆಯಾಗುತ್ತದೆ. ಆಮ್‌ಕಾಸ್ ಅರ್ಜಿಗಳನ್ನು ಮೇ ಕೊನೆ, ಜೂನ್ ಮೊದಲಲ್ಲಿ ಸಲ್ಲಿಸಬಹುದು. ಬಹುತೇಕ ಕಾಲೇಜುಗಳು ಬಂದಂತೆ ಬಂದಂತೆ ಓದುತ್ತ, ಅಕ್ಟೋಬರ್ ಮಧ್ಯದಿಂದ ಸೀಟು ನೀಡುತ್ತ ಹೋಗುವುದರಿಂದ, ತಡವಾಗಿ ಬಂದ ದುರ್ಬಲ ಕಡತಕ್ಕೆ ಎರಡು ಪಟ್ಟು ಹೊಡೆತ. ಮೊದಲ ಕಾಲೇಜಿಗೆ ಸುಮಾರು 175 ಡಾಲರ್, ಮುಂದಿನ ಪ್ರತಿಯೊಂದಕ್ಕೆ 45 ಡಾಲರ್ ಆಸುಪಾಸು ಶುಲ್ಕವಿದ್ದು, ಎರಡನೆಯ ಹಂತದಲ್ಲಿ ಪ್ರತಿ ಕಾಲೇಜೂ ಮತ್ತೆ ಹಣ ಕೇಳುತ್ತದೆ. ಒಮ್ಮೆ ತಿರಸ್ಕೃತರಾದವರು ಮರುವರ್ಷ ಅದೇ ಕಡತವನ್ನು ಕಳಿಸಿದರೆ ಅದೇ ಉತ್ತರ ಬರುತ್ತದೆ. ಅರ್ಜಿ ಸಲ್ಲಿಸಿದ ನಂತರ ಮುಗಿಸಿದ ಪಾಠಗಳ ಶ್ರೇಣಿಗಳು ಆಮ್‌ಕಾಸ್ ಲೆಕ್ಕಕ್ಕೆ ಸೇರುವುದಿಲ್ಲ, ಬೇಕಿದ್ದರೆ ಕಾಲೇಜಿಗೆ ಪತ್ರ ಬರೆದು ತಿಳಿಸಬಹುದಷ್ಟೆ. ಆದ್ದರಿಂದ ಪೋಸ್ಟ್‌ಬ್ಯಾಕ್ ಓದು ನಡೆಯುತ್ತಿರುವಾಗಲೇ ಅರ್ಜಿ ಹಾಕಿದರೆ, ಯಾವ ಪುರಾವೆಗಾಗಿ ಆ ವರ್ಷವನ್ನು ವ್ಯಯಿಸಲಾಯಿತೋ ಅದೇ ಸಮಿತಿಯ ಕಣ್ಣಿಗೆ ಬೀಳದೆ ಹೋಗುತ್ತದೆ. ಅಮೆರಿಕದಲ್ಲಿ ವೈದ್ಯಕೀಯದ ಮೊದಲ ವರ್ಷಕ್ಕೆ ಸೇರುವವರ ಸರಾಸರಿ ವಯಸ್ಸು 24ರ ಸಮೀಪವಿದೆ, ಅವರಲ್ಲಿ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಮಂದಿ ಪದವಿಯ ನಂತರ ಒಂದಾದರೂ ವರ್ಷ ಬಿಟ್ಟು ಸೇರಿದವರು. ಮಗಳು ಅಥವಾ ಮಗ ಪದವಿ ಮುಗಿಸಿದ ವರ್ಷವೇ ಸೇರದಿದ್ದರೆ ಹಿಂದುಳಿದಂತೆ ಎಂದು ಬೆಂಗಳೂರಿನಿಂದ ಹಿಡಿದು ನ್ಯೂಜೆರ್ಸಿಯವರೆಗಿನ ಬಂಧುಗಳು ಹೇಳುವ ಮಾತಿಗೆ ಅಲ್ಲಿನ ಪ್ರವೇಶ ಸಮಿತಿಗಳಲ್ಲಿ ಯಾವ ಬೆಲೆಯೂ ಇಲ್ಲ. ಹೊಸ ಶ್ರೇಣಿಗಳೂ ಎಂಕ್ಯಾಟ್ ಅಂಕವೂ ಕೈಗೆ ಬಂದ ಮೇಲಿನ ಜೂನ್ ತಿಂಗಳೇ ಇಂಥ ಅರ್ಜಿಗೆ ಸರಿಯಾದ ಕಾಲ.